ಇತರೆ ಎಂಬ ಬೂದು ತುಂಡು

ಇಷ್ಟು ಸೆಕೆಯಲ್ಲಿ ಸ್ವೆಟರ್ ಹಾಕಿಕೊಂಡು ಬಂದಿದ್ದಾರಲ್ಲ ಈ ಹೆಂಗಸು, ಮೊಣಕೈ ಹತ್ತಿರ ಹೆಣಿಗೆ ಬೇರೆ ಬಿಟ್ಟಿದೆ, ಫ್ಯಾನಿನ ಕೆಳಗೆ ಕೂತ್ಕೊಳ್ಳಿ ಮೇಡಂ ಎಂದರೆ ಬೇಡ ತಾಯಿ ಎಂದರು, ಹಳೇ ತಳಿಗಳನ್ನು ಕಾಪಿಡುವ ಬೀಜದ ಕೋಣೆಯಿಂದ ನೇರ ಬಂದವರು, ಅಲ್ಲಿ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗಿನ ಚಳಿ — ವಿನ್ಯಾಸಗಾರ್ತಿ ಕುರ್ಚಿ ಸರಿಸಿ ಜಾಗ ಕೊಟ್ಟಳು, ನೋಡಿ ಹೇಳಲು ಬಂದವರಲ್ಲಿ ಇವರು ಏಳನೆಯವರು, ವಿಶ್ವವಿದ್ಯಾಲಯದ ಹಣವೆಲ್ಲ ಒಂದೇ ಪರದೆಯಲ್ಲಿ ಯಾರು ನೋಡಿದರೂ ತಿಳಿಯಬೇಕೆಂದು ನಾಲ್ಕು ತಿಂಗಳು ಕೂತು ಮಾಡಿದ, ಖರ್ಚಿಗೊಂದು ಬಣ್ಣದ ತುಂಡಿರುವ ಚಕ್ರವನ್ನು ಆರು ಜನ ಪ್ರೊಫೆಸರುಗಳು ನೋಡಿ ಚೆನ್ನಾಗಿದೆ ಎಂದು ಎದ್ದುಹೋದರು, ಚೆನ್ನಾಗಿದೆ ಎಂದರೆ ಅರ್ಥವಾಗಿಲ್ಲ ಎಂದೇ ಅರ್ಥ, ಮನೆಯಲ್ಲಿ ಅಮ್ಮನೂ ಅಷ್ಟೇ, ಲೆಕ್ಕಕ್ಕೆ ಬಣ್ಣ ಬಳಿಯೋ ಕೆಲಸಾನೇನೆ ನಿಂದು, ಅದಕ್ಕೂ ಸಂಬಳ ಕೊಡ್ತಾರಾ, ಎಂದು ನಕ್ಕಿದ್ದಳು — ಹಿಂದೆ ಕೈಕಟ್ಟಿ ನಿಂತಿರುವ ಹಣಕಾಸು ಅಧಿಕಾರಿಗೆ ಆ ಬಣ್ಣವೂ ದಂಡವೇ, ಕತ್ತರಿ ಸಾಹೇಬ್ರು ಅಂತಲೇ ಎಲ್ಲರೂ ಕರೆಯುವುದು, ನಾಳೆ ಹನ್ನೊಂದಕ್ಕೆ ಸಭೆ, ಏನೇನು ಮುಚ್ಚಬೇಕೆಂದು ಅವರ ಪಟ್ಟಿ ಸಿದ್ಧ, ಅದರಲ್ಲಿ ಬೀಜದ ಕೋಣೆಯೂ ಇದೆ.

ನನ್ನ ಕೋಣೆ ಎಲ್ಲಿದೆ ತಾಯಿ, ಎಂದರು ಬೀಜದವರು, ಶೇಕಡಾ ಒಂದಕ್ಕಿಂತ ಚಿಕ್ಕದನ್ನೆಲ್ಲ ಇತರೆ ಎಂಬ ಬೂದು ತುಂಡಿಗೆ ತುಂಬಿದವಳು ಇವಳೇ, ಕಣ್ಣಿಗೆ ಹಿತವಾಗಿರಲಿ ಎಂದು, ನೆಂಟರು ಬಂದಾಗ ಹಳೇ ಬಟ್ಟೆಯನ್ನೆಲ್ಲ ಬೀರುವಿಗೆ ತುರುಕಿದ ಹಾಗೆ, ಇತರೆ ಒಳಗಿದೆ ಮೇಡಂ, ಓ, ನಾವು ಇತರೆನಾ, ದನಿಯಲ್ಲಿ ಬೇಸರವೂ ಇಲ್ಲ, ಒತ್ತಿ ಮೇಡಂ, ತೆರ್ಕೊಳ್ಳುತ್ತೆ — ಬೂದು ಬಿಚ್ಚಿಕೊಂಡಿತು, ನೂರ ಹನ್ನೆರಡು ಗೆರೆ, ಒಂದೊಂದು ಖರ್ಚಿನ ವರ್ಷವರ್ಷದ ಏರಿಳಿತಕ್ಕೆ ಒಂದೊಂದು, ಆಮೆಗಳ ತೊಟ್ಟಿಗೆ ಉಪ್ಪುನೀರು, ಗಡಿಯಾರದ ಗೋಪುರಕ್ಕೆ ಎಣ್ಣೆ, ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪುಸ್ತಕ ಓದಿ ಹೇಳುವವರ ಗೌರವಧನ, ಅಯ್ಯೋ ಇದೆಲ್ಲ ಇತ್ತಾ ಇದರೊಳಗೆ, ತುಂಬಿದವಳೇ ನೋಡಿರಲಿಲ್ಲ, ಅವುಗಳ ನಡುವೆ ಬೀಜದ ಕೋಣೆಯ ಕರೆಂಟು, ನಲವತ್ತೊಂದು ವರ್ಷ, ಎಲ್ಲೂ ಕಡಿಯದ ತೆಳು ಗೆರೆ, ಅದರ ಮೇಲೆ ಅವರು ಬೆರಳಿಟ್ಟರು, ಎಡದಿಂದ ಮೆಲ್ಲಗೆ, ಇಲ್ಲಿ ನಾನು ಕೆಲಸಕ್ಕೆ ಸೇರಿದ್ದು, ಇಲ್ಲಿ ನಮ್ಮ ಯಜಮಾನ್ರು ಹೋಗಿದ್ದು, ಇಲ್ಯಾಕೆ ತಗ್ಗಿದೆ ಎಂದಳು ಇವಳು, ಅದಾ, ಆ ವರ್ಷ ಅರ್ಧ ದುಡ್ಡೇ ಬಂತು ತಾಯಿ, ಮಿಕ್ಕಿದ್ದು ನಾವು ಮೂರು ಜನ ಸಂಬಳದಲ್ಲಿ ಕಟ್ಟಿದ್ವಿ, ಆರು ಸಾವಿರ ಬಗೆ ಬೀಜ, ಹೊರಗೆ ಯಾವ ಹೊಲದಲ್ಲೂ ಈಗಿಲ್ಲ ಅವು, ಬೆಚ್ಚಗಾದ್ರೆ ಮುಗೀತು, ಬಿಡೋಕಾಗುತ್ತಾ — ಯಾರಿಗೂ ಹೇಳಿಲ್ವಾ ನೀವು, ಎಂದರು ಕತ್ತರಿ ಸಾಹೇಬರು, ಯಾರೂ ಕೇಳ್ಲಿಲ್ಲ ಸಾರ್, ಸಾಹೇಬರು ಕನ್ನಡಕ ತೆಗೆದರು, ಹಾಕಿಕೊಂಡರು, ನಾಳೆ ಪಟ್ಟೀಲಿ ಇದು ಬೇಡ, ಇತರೆಯಿಂದ ಆಚೆ ತೆಗೀರಿ, ಮೊದಲನೇ ಪುಟಕ್ಕೆ ಹಾಕಿ, ಹೂಂ ಸಾರ್, ಮೊದಲನೇ ಪುಟ, ಯಾವ ಬಣ್ಣ, ಎಷ್ಟು ದಪ್ಪ, ಎಂದು ಮನಸ್ಸು ಓಡಲು ನೋಡಿತು, ಓಡಲಿಲ್ಲ, ಆ ಬೆರಳು, ಉಗುರಿನ ಸುತ್ತ ಚಳಿಗೆ ಬಿರಿದ ಚರ್ಮ, ತಗ್ಗಿನಲ್ಲಿ ಗೆರೆ ಎಲ್ಲಿ ಕಡಿಯಬೇಕಿತ್ತೋ ಅಲ್ಲೇ ಒತ್ತಿ ಹಿಡಿದಿರುವ ಬೆರಳು, ಆ ಬೆರಳು —