ಕಂಡಕ್ಟರ್ ತಾತನ ಎರಡು ನಿಮಿಷ

ಬೇಸಿಗೆ ಏರುತ್ತಿದ್ದ ದಿನಗಳು. ಬೆಳಗಿನ ಎಂಟಕ್ಕೇ ವಾರ್ಡಿನ ಕಬ್ಬಿಣದ ಮಂಚಗಳು ಬೆಚ್ಚಗಾಗಿದ್ದವು. ನರ್ಸಿಂಗ್ ಕಲಿಯಲು ಬಂದಿದ್ದ ಹುಡುಗಿ ಒಂದು ಮಂಚದ ಹೊದಿಕೆ ಬದಲಿಸುವಷ್ಟರಲ್ಲಿ ಇನ್ನೊಂದು ಮಂಚದವರು ಕರೆಯುತ್ತಿದ್ದರು.

ಕಿಟಕಿ ಪಕ್ಕ ಮಲಗಿದ್ದವರು ನಿವೃತ್ತ ಬಸ್ ಕಂಡಕ್ಟರ್. ಸಕ್ಕರೆ ಕಾಯಿಲೆಯಿಂದ ಪಾದ ಕಪ್ಪಾಗಿತ್ತು. "ಸ್ವಲ್ಪ ಬಾರಮ್ಮ" ಎಂದಾಗಲೆಲ್ಲ ಅವಳು "ಎರಡೇ ನಿಮಿಷ ತಾತ" ಎಂದು ಓಡುತ್ತಿದ್ದಳು.

ಮಧ್ಯಾಹ್ನ ಬಿಪಿ ನೋಡಲು ಹೋದಾಗ ಅವರು ಔಷಧಿ ಚೀಟಿಯ ಹಿಂಬದಿ ತೋರಿಸಿದರು. ಅಲ್ಲಿ ಏಳು ಸಲ 'ಎರಡು' ಎಂದು ಬರೆದಿತ್ತು.

"ಚಿಲ್ಲರೆ ಇಲ್ದಾಗ ಟಿಕೆಟ್ ಹಿಂದೆ ಹೀಗೇ ಬರೆದುಕೊಡ್ತಿದ್ವಿ. ಹದಿನಾಲ್ಕು ನಿಮಿಷ ಬಾಕಿ ಇದೆ ತಾಯಿ. ಕೊಡ್ತೀಯೋ, ನಮ್ಮ ಹಾಗೆ ಮರೆತುಬಿಡ್ತೀಯೋ?"

ಅವಳಿಗೆ ನಗು ಬಂತು. ಅಷ್ಟರಲ್ಲಿ ಆಚೆಯಿಂದ ಯಾರೋ ಕೂಗಿದರು. ಪಕ್ಕದಲ್ಲೇ ಇದ್ದು ಇದನ್ನು ಕೇಳಿಸಿಕೊಂಡ ಹಿರಿಯ ಸಿಸ್ಟರ್ "ನೀನು ಕೂತ್ಕೋ, ಅಲ್ಲಿಗೆ ನಾನು ಹೋಗ್ತೀನಿ" ಎಂದರು. ಅವಳು ಮುಳ್ಳಿನ ಮೇಲೆ ಕೂತ ಹಾಗೆ ಸ್ಟೂಲಿನ ತುದಿಯಲ್ಲಿ ಕೂತಳು.

ತಾತನ ನಗು ಇಳಿಯಿತು. "ನಾಳೆ ಕಾಲು ತೆಗೀತಾರಂತೆ. ಸಹಿ ಹಾಕಿಬಿಟ್ಟೆ. ಎಲ್ಲಿವರೆಗೆ ಅಂತ ಕೇಳೋಕೆ ನಾಲಿಗೆ ಏಳಲಿಲ್ಲ."

"ನನಗೂ ಗೊತ್ತಿಲ್ಲ ತಾತ. ಡಾಕ್ಟರನ್ನ ಕರೆಸ್ತೀನಿ. ನಾನಿಲ್ಲೇ ಇರ್ತೀನಿ, ಇಬ್ರೂ ಕೇಳೋಣ."

ಡಾಕ್ಟರ್ ಬರುವ ತನಕ ಅವಳು ಏಳಲಿಲ್ಲ. ಡಾಕ್ಟರ್ ಮೊಣಕಾಲಿನ ಕೆಳಗೆ ಬೆರಳಿಟ್ಟು ತೋರಿಸಿದರು. ತಾತ ಆ ಜಾಗವನ್ನು ತುಂಬಾ ಹೊತ್ತು ಸವರಿದರು. ಆಮೇಲೆ ಚೀಟಿ ತೆಗೆದು ಆರು 'ಎರಡು'ಗಳ ಮೇಲೆ ಗೆರೆ ಹೊಡೆದರು. ಕೊನೆಯ 'ಎರಡು' ಹಾಗೇ ಉಳಿಯಿತು.

"ಇದನ್ನ ನಾಳೆ ನನಗೆ ಎಚ್ಚರ ಆದ್ಮೇಲೆ ಕೊಡು" ಎಂದರು.