ಬಣ್ಣ ಮುಟ್ಟದವರು

ನಾನು ಉಗುಳಿದರೆ ನೇರಳೆ. ಸೀನಿದರೆ ಅದೂ ನೇರಳೆ. ಬಣ್ಣದ ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲಿ ಕೆಲಸಗಾರರ ಬಟ್ಟೆ ಒಗೆಯುವ ಹೆಂಗಸರು ನಾವು. ನೀರಿಗೆ ಹಾಕುವ ಮೊದಲು ಪ್ರತಿ ಅಂಗಿಯ ಜೇಬನ್ನೂ ಹೊರಗೆ ತಿರುಗಿಸಿ ಕೊಡವಬೇಕು. ಇಲ್ಲದಿದ್ದರೆ ಪುಡಿ ಕರಗಿ ತೊಟ್ಟಿಯಲ್ಲಿರುವ ಬಟ್ಟೆಯೆಲ್ಲ ಹಾಳು. ಕೊಡವಿದ ಪುಡಿ ಎಲ್ಲಿಗೆ ಹೋಗುತ್ತದೆ? ನಮ್ಮ ಕಣ್ಣಿಗೆ, ಬಾಯಿಗೆ, ಊಟದ ಡಬ್ಬಿಗೆ. ಥೂ! ಊಟಕ್ಕೆ ಕೂತರೆ ಮೊದಲ ತುತ್ತೇ ಕಹಿ.

ನನ್ನ ತಂಗಿ ಒಳಗೆ ಬಣ್ಣ ಕಲಸುವ ಕಡೆ ಇದ್ದಳು. ಅವಳಿಗೆ ಒಮ್ಮೆ ಬಸಿರು ಇಳಿದುಹೋಗಿತ್ತು. ಈಗ ಮತ್ತೆ ಬಸುರಿ. ಬಣ್ಣದಿಂದ ಬಿಡಿಸಿ ಪ್ಯಾಕಿಂಗಿಗೆ ಹಾಕಿ ಎಂದು ಮ್ಯಾನೇಜರನ ಹಿಂದೆ ಅಲೆದು ಅಲೆದು ಅವಳ ಚಪ್ಪಲಿ ಸವೆದಿತ್ತು.

“ಬಣ್ಣದಿಂದ ಏನೂ ಆಗಲ್ಲಮ್ಮ,” ಎಂದ ಅವನು. “ಬೇಕಾದ್ರೆ ರಕ್ತ ಪರೀಕ್ಷೆ ಮಾಡಿಸ್ತೀವಿ. ಕೆಟ್ಟಿದೆ ಅಂತ ಬಂದ್ರೆ ಅವತ್ತೇ ಪ್ಯಾಕಿಂಗಿಗೆ ಹಾಕ್ತೀನಿ.”

ಬಾಯಿಮಾತಿಗೆ ಅಂದಿದ್ದ. ಕೆಲಸಗಾರರೆಲ್ಲ ಗಲಾಟೆ ಮಾಡಿದ್ದಕ್ಕೆ ಪರೀಕ್ಷೆ ನಿಜಕ್ಕೂ ನಡೆಯಿತು. ವಿಷ ಮೈಗೆ ಸೇರಿದರೆ ಜೀವಕೋಶದೊಳಗಿನ ಡಿಎನ್‌ಎ ಎಳೆಗಳು ತುಂಡಾಗುತ್ತವಂತೆ. ಅದು ಲ್ಯಾಬಿನಲ್ಲಿ ಕಾಣುತ್ತದಂತೆ. ಆದರೆ ಎಷ್ಟು ಕೆಟ್ಟಿದೆ ಎಂದು ತಿಳಿಯಲು ಚೆನ್ನಾಗಿರುವುದರ ಪಕ್ಕ ಇಟ್ಟು ನೋಡಬೇಕು. ಅದಕ್ಕೆ ಬಣ್ಣ ಮುಟ್ಟದವರ ರಕ್ತವೂ ಬೇಕು.

ಎಂದೂ ನಮ್ಮ ಶೆಡ್ಡಿನ ಕಡೆ ತಲೆಹಾಕದ ಮ್ಯಾನೇಜರ್ ಅವತ್ತು ತಾನೇ ಬಂದ. “ನೀವು ಬಣ್ಣ ಮಾಡೋರಲ್ಲ, ಬಟ್ಟೆ ಒಗೆಯೋರು. ನೀವೇ ರಕ್ತ ಕೊಡಿ.”

ನಮ್ಮಲ್ಲೊಬ್ಬಳು ಮುದುಕಿ. ಬಾಯಿ ಜೋರು, ಅದಕ್ಕೇ ಎಲ್ಲರಿಗೂ ಸೈರನ್ ಅಜ್ಜಿ. “ಇವನಿಗೆ ನಮ್ಮ ಮೇಲೆ ಇದೇನೇ ಪ್ರೀತಿ ಉಕ್ಕಿ ಬಂತು?” ಎಂದು ಗೊಣಗಿದಳು.

“ಸುಮ್ನಿರಜ್ಜಿ,” ಎಂದೆ ನಾನು. “ನಮ್ದು ಚೆನ್ನಾಗಿದ್ರೆ ತಾನೆ ತಂಗಿದು ಕೆಟ್ಟಿದೆ ಅಂತ ಗೊತ್ತಾಗೋದು?”

ರಕ್ತ ಕೊಡುವ ದಿನ ಬ್ಲೀಚಿಂಗ್ ಪೌಡರ್ ಹಾಕಿ ಕೈ ಉಜ್ಜಿದೆವು. ಚರ್ಮ ಕಿತ್ತು ಬರುವ ಹಾಗೆ ಉಜ್ಜಿದೆವು. ಓದಿದವರ ಮುಂದೆ ನೇರಳೆ ಕೈ ಚಾಚಲು ನಾಚಿಕೆ. ಲ್ಯಾಬಿನ ಮೇಡಂ ಬಿಳಿಚಿಕೊಂಡ ನಮ್ಮ ಕೈ ಹಿಡಿದು ಸೂಜಿ ಚುಚ್ಚಿದಳು. ಏನೂ ಕೇಳಲಿಲ್ಲ.

ಫಲಿತಾಂಶ ಬಂದ ದಿನ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿದರು. ಮೇಡಂ ಪಕ್ಕದಲ್ಲಿ ನಿಂತ ಮ್ಯಾನೇಜರನ ಮುಖದಲ್ಲಿ ಮದುವೆ ಮನೆಯ ಕಳೆ. “ಬಣ್ಣ ಕಲಸೋರ ರಕ್ತಕ್ಕೂ, ಬಣ್ಣ ಮುಟ್ಟದವರ ರಕ್ತಕ್ಕೂ ವ್ಯತ್ಯಾಸವೇ ಇಲ್ಲ! ನಡೀರಿ, ನಡೀರಿ, ಕೆಲಸ ನೋಡಿ,” ಎಂದವನೇ ತನ್ನ ಕೋಣೆಗೆ ನಡೆದ.

ತಂಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನನ್ನನ್ನು ನೋಡಿದಳು. “ಅಕ್ಕಾ, ಹಾಗಾದ್ರೆ ನಂದು ಚೆನ್ನಾಗಿದೆಯಾ?” ಪಾಪ, ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ.

ನಾನು ಮೇಡಂ ಮುಂದೆ ಹೋಗಿ ಕೈ ಚಾಚಿದೆ. ಉಗುರು, ಬೆರಳ ಸಂದಿ, ಅಂಗೈಯ ಗೆರೆ, ಎಲ್ಲ ನೇರಳೆ.

“ನಮ್ಮ ರಕ್ತ ಹೇಗಿತ್ತು ಮೇಡಂ?”

ಆಕೆಯ ಮುಖ ಸಪ್ಪಗಾಯಿತು. “ಇದೇನಿದು? ನೀವು ಬಣ್ಣ ಮುಟ್ಟೋದೇ ಇಲ್ಲ ಅಂತ ಹೇಳಿದ್ರಲ್ಲ ನಿಮ್ಮ ಮ್ಯಾನೇಜರು?”

“ಅವರೆಲ್ಲರ ಬಟ್ಟೆ ಕೊಡವೋರು ನಾವು.”

“ಅಯ್ಯೋ!” ಆಕೆ ದನಿ ತಗ್ಗಿಸಿದಳು. “ಚೆನ್ನಾಗಿರೋ ಕೋಶ ದುಂಡಗೆ ಕಾಣುತ್ತೆ. ಡಿಎನ್‌ಎ ತುಂಡಾಗಿದ್ರೆ ಅದಕ್ಕೆ ಬಾಲ ಬಂದ ಹಾಗೆ ಕಾಣುತ್ತೆ. ನಿಮ್ಮಲ್ಲೂ ಬಾಲ ಇತ್ತು, ಅವರಲ್ಲೂ ಇತ್ತು. ಉದ್ದುದ್ದ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ವ್ಯತ್ಯಾಸ ಇದೆಯಾ ಅಂತ ಮಾತ್ರ ಕೇಳಿದ್ರು.”

ಹೇಸಿಗೆಯಾಯಿತು. ಆ ಮ್ಯಾನೇಜರನನ್ನು ಕಂಡೂ, ಇವಳನ್ನು ಕಂಡೂ. ಹಾಳಾದ ರಕ್ತದ ಪಕ್ಕ ಹಾಳಾದ ರಕ್ತ ಇಟ್ಟು ಎರಡೂ ಒಂದೇ ಎಂದಿದ್ದರು. ನನ್ನ ರಕ್ತದಿಂದಲೇ ನನ್ನ ತಂಗಿಯ ಬಾಯಿ ಮುಚ್ಚಿಸಿದ್ದರು.

ನನ್ನ ಬೆನ್ನ ಹಿಂದೆಯೇ ನಿಂತಿದ್ದ ಸೈರನ್ ಅಜ್ಜಿಯ ದನಿ ಅಂಗಳ ತುಂಬಿತು. “ಕೇಳಿಸ್ತೇನ್ರೋ? ಅವರದ್ದೂ ಕೆಟ್ಟಿದೆ, ನಮ್ಮದೂ ಕೆಟ್ಟಿದೆ! ಎತ್ರೇ ಗಂಟು!”

ತಂಗಿಯನ್ನು ದೂರ ಗೇಟಿನ ಬಳಿ ನಿಲ್ಲಿಸಿದೆ. ಒಗೆಯದ ಬಟ್ಟೆಯ ಗಂಟುಗಳನ್ನು ಹೊತ್ತು ಮ್ಯಾನೇಜರನ ಕೋಣೆಗೆ ನುಗ್ಗಿದೆವು. ಬಣ್ಣ ಕಲಸುವವರು ನಮ್ಮ ಹಿಂದೆಯೇ ಬಂದು ಬಾಗಿಲು ತುಂಬಿ ನಿಂತರು. ಅವನ ಮೇಜಿನ ಮೇಲೆ ಗಂಟು ಬಿಚ್ಚಿ, ಒಂದು ಅಂಗಿಯ ಜೇಬನ್ನು ಹೊರಗೆ ತಿರುಗಿಸಿ ಹಿಡಿದೆ. ಇನ್ನೂ ಕೊಡವಿರಲಿಲ್ಲ.

ಅವನು ಕುರ್ಚಿ ತಳ್ಳಿ ಎದ್ದ. ಕರವಸ್ತ್ರ ಮೂಗಿಗೆ ಒತ್ತಿಕೊಂಡು ಗೋಡೆಗೆ ಅಂಟಿದ. “ಹೊರಗೆ, ಹೊರಗೆ! ಪುಡಿ ಏಳುತ್ತೆ!”

“ಏಳ್ಲಿ ಬಿಡಿ ಸಾರ್. ಏನೂ ಆಗಲ್ಲ ಅಂದ್ರಲ್ಲ?”

ಅವನು ಕರವಸ್ತ್ರ ತೆಗೆಯಲೇ ಇಲ್ಲ.

“ಇನ್ನೊಂದು ಸಲ ರಕ್ತ ಪರೀಕ್ಷೆ ಆಗ್ಬೇಕು,” ಎಂದೆ. “ಅಲ್ಲಿವರೆಗೆ ನನ್ನ ತಂಗಿ ಬಣ್ಣದ ಹತ್ತಿರ ಹೋಗಲ್ಲ, ನಾವು ಈ ಬಟ್ಟೆ ಮುಟ್ಟಲ್ಲ. ಬಣ್ಣ ಮುಟ್ಟದವರು ಇಲ್ಲಿ ಯಾರು ಅಂತ ಈಗ ಗೊತ್ತಾಯ್ತಲ್ಲ. ಅಂಗಿ ತೋಳು ಮಡಚಿ ಸಾರ್.”