ಸಚಿವರ ಮನೆಯ ಮುಂಗುಸಿ

ಮುಂಗುಸಿ ಮರಿಯನ್ನು ಮನೆಗೆ ತಂದವಳು ಭವ್ಯ. ಈ ಒಂದು ಮಾತನ್ನು ಗಂಗಲಕ್ಷ್ಮಮ್ಮ ಆಮೇಲೆ ಎಷ್ಟು ಜನರ ಮುಂದೆ ಹೇಳಬೇಕಾಯಿತೆಂದರೆ, ಕೊನೆಕೊನೆಗೆ ಅದು ಅವರ ಕಿವಿಗೇ ಸುಳ್ಳಿನ ಹಾಗೆ ಕೇಳತೊಡಗಿತ್ತು.

ಕೆ.ಆರ್. ಪುರದ ಆಚೆ ಅಪ್ಪನ ಜಮೀನಿನಲ್ಲಿ ಪೊದೆ ತೆಗೆಸುವಾಗ ತಾಯಿ ಮುಂಗುಸಿ ಜೆಸಿಬಿಗೆ ಸಿಕ್ಕಿ ಸತ್ತಿತ್ತು. ಉಳಿದ ಒಂದೇ ಮರಿಯನ್ನು ಭವ್ಯ ಶೂ ಡಬ್ಬದಲ್ಲಿಟ್ಟುಕೊಂಡು ಇಂದಿರಾನಗರದ ಮನೆಗೆ ಬಂದಳು. ಅದಿನ್ನೂ ಸರಿಯಾಗಿ ಕಣ್ಣು ಬಿಟ್ಟಿರಲಿಲ್ಲ.

"ಕಾಡುಪ್ರಾಣಿ ಕಣೇ, ನಮ್ಗ್ಯಾಕೆ? ತಿಳಿದೋರು ಯಾರಿಗಾದ್ರೂ ಕೊಟ್ಬಿಡು," ಎಂದರು ಗಂಗಲಕ್ಷ್ಮಮ್ಮ.

"ಅಮ್ಮ ಇಲ್ದಿರೋ ಮರಿ ದೊಡ್ಡಮ್ಮ. ನೀನೇ ಸಾಕಲ್ಲ ಅಂದ್ರೆ ಇನ್ಯಾರು ಸಾಕ್ತಾರೆ?"

ಗಂಗಲಕ್ಷ್ಮಮ್ಮ ಡಬ್ಬವನ್ನು ಕೈಗೆ ತೆಗೆದುಕೊಂಡರು. ಭವ್ಯಳೂ ಅಂಥ ಮರಿಯೇ. ಅವಳಿಗೆ ಮೂರು ವರ್ಷವಾಗಿದ್ದಾಗ ತಾಯಿ ತೀರಿಕೊಂಡಳು. ಆ ತಾಯಿಯ ಅಕ್ಕ ಗಂಗಲಕ್ಷ್ಮಮ್ಮ. ಗಂಡ ಇರಲಿಲ್ಲ, ಮಕ್ಕಳಾಗಿರಲಿಲ್ಲ. ದೊಮ್ಮಲೂರಿನ ತಮ್ಮ ಮನೆಯ ಮಹಡಿಯನ್ನು ಬಾಡಿಗೆಗೆ ಕೊಟ್ಟು, ಕೆಳಗಿನ ಎರಡು ಕೋಣೆಗೆ ಬೀಗ ಹಾಕಿ, ತಂಗಿಯ ಮಗುವನ್ನು ನೋಡಿಕೊಳ್ಳಲು ಬಂದವರು ಇಪ್ಪತ್ತೆರಡು ವರ್ಷ ಅಲ್ಲೇ ಉಳಿದುಬಿಟ್ಟರು. ಅಷ್ಟರಲ್ಲಿ ತಂಗಿಯ ಗಂಡ ಕೆಂಪರಾಜ್ ಕಾರ್ಪೊರೇಟರ್ ಆಗಿ, ಸಂಸದರಾಗಿ, ಕೇಂದ್ರ ಸಚಿವರೂ ಆದರು. ತಿಂಗಳಿಗೆ ಎರಡು ಸಲ ದಿಲ್ಲಿಯಿಂದ ಬಂದರೆ ಹೆಚ್ಚು. ಭವ್ಯ ಓದು ಮುಗಿಸಿ ಅಪ್ಪನ ಭಾಷಣದ ವಿಡಿಯೋ, ಪ್ರಕಟಣೆ ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತಿದ್ದಳು.

ಮರಿಯ ಮೈಮೇಲೆ ಕರಿ ಬಿಳಿ ಎಳ್ಳು ಬೆರೆಸಿ ಚೆಲ್ಲಿದಂತಿತ್ತು. ಎಳ್ಳು ಎಂದೇ ಹೆಸರಾಯಿತು. ಇಂಕ್ ಫಿಲ್ಲರಿನಲ್ಲಿ ಹಾಲು ಕುಡಿಸಿ ಬೆಳೆಸಿದವರು ಗಂಗಲಕ್ಷ್ಮಮ್ಮ. ಬೆಳೆದ ಮೇಲೆ ಅದು ಗೋಡೆಗೆ ಬೆನ್ನು ಮಾಡಿ ನಿಂತು, ಮುಂಗಾಲಲ್ಲಿ ಮೊಟ್ಟೆ ಹಿಡಿದು, ಹಿಂಗಾಲುಗಳ ನಡುವಿನಿಂದ ಹಿಂದಕ್ಕೆಸೆದು ಒಡೆದು ತಿನ್ನುತ್ತಿತ್ತು. ಅಡುಗೆಮನೆಯ ಗೋಡೆ ದಿನಾ ಒರೆಸಬೇಕು. ಜನ್ಮದಲ್ಲಿ ಮೊಟ್ಟೆ ಮುಟ್ಟದ ಗಂಗಲಕ್ಷ್ಮಮ್ಮ ಬೈದುಕೊಂಡೇ ಒರೆಸುತ್ತಿದ್ದರು. ಮಧ್ಯಾಹ್ನ ಅವರು ಅಡ್ಡಾದರೆ ಅದು ಸೆರಗಿನೊಳಗೆ ನುಗ್ಗಿ ಸುರುಳಿ ಸುತ್ತಿಕೊಳ್ಳುತ್ತಿತ್ತು.

ಒಮ್ಮೆ ಅದಕ್ಕೆ ಹೊಟ್ಟೆ ಕೆಟ್ಟಿತು. ಬಾಣಸವಾಡಿಯ ಪಶುವೈದ್ಯ ಆದಿಲ್ ಔಷಧ ಕೊಟ್ಟು, ಆಮೇಲೆ ದನಿ ತಗ್ಗಿಸಿ ಹೇಳಿದ. "ಅಮ್ಮಾ, ಇದನ್ನ ಮನೇಲಿ ಸಾಕೋದು ಕಾನೂನು ಪ್ರಕಾರ ತಪ್ಪು. ಅರಣ್ಯ ಇಲಾಖೆಗೆ ಒಪ್ಪಿಸಿ. ಹೊರಗೆ ಗೊತ್ತಾದ್ರೆ ಕಷ್ಟ."

ಗಂಗಲಕ್ಷ್ಮಮ್ಮ ಅದನ್ನು ಹಾಗೇ ಭವ್ಯಳಿಗೆ ಹೇಳಿದರು.

"ಅಪ್ಪ ಮಿನಿಸ್ಟರು ದೊಡ್ಡಮ್ಮ. ಯಾರು ಬಂದು ಕೇಳ್ತಾರೆ?" ಎಂದು ಅವಳು ನಕ್ಕಳು.

ಆ ವರ್ಷ ನಾಯಕರು ಸಾಕಿದ ಪ್ರಾಣಿಗಳ ವಿಡಿಯೋಗಳಿಗೆ ಭಾರಿ ಬೇಡಿಕೆ. ಒಬ್ಬರ ಮನೆಯಲ್ಲಿ ಕುದುರೆ, ಇನ್ನೊಬ್ಬರಲ್ಲಿ ಒಂಟೆ, ಯಾರದೋ ಮೊಮ್ಮಗಳ ಹೆಗಲ ಮೇಲೆ ಬಣ್ಣದ ವಿದೇಶಿ ಗಿಣಿ. ಭವ್ಯಳೂ ಸುಮ್ಮನಿರಲಿಲ್ಲ. ಕೆಂಪರಾಜ್ ಬಂದ ಭಾನುವಾರ ತೋಟದಲ್ಲಿ ಕುರ್ಚಿ ಹಾಕಿಸಿದಳು. ಎಳ್ಳು ಅವರ ಜುಬ್ಬಾದ ಮೇಲೆ ಹತ್ತಿ, ಜೇಬಿನಲ್ಲಿ ಮೂತಿ ತೂರಿಸಿತು. "ಇವನು ನಮ್ಮ ಮನೆ ಮಗ," ಎಂದರು ಕೆಂಪರಾಜ್ ನಗುತ್ತಾ. ಗಂಗಲಕ್ಷ್ಮಮ್ಮನಿಗೆ ಕ್ಯಾಮೆರಾದ ಆಚೆ ನಿಲ್ಲಲು ಹೇಳಿದ್ದರು. ವಿಡಿಯೋದಲ್ಲಿ ಬಂದದ್ದು ಮೊಟ್ಟೆ ಚಾಚಿದ ಅವರ ಕೈ ಮಾತ್ರ.

ಎರಡು ದಿನದಲ್ಲಿ ಲಕ್ಷಾಂತರ ಜನ ನೋಡಿದರು. ಮೂರನೆಯ ದಿನ ಯಾರೋ ಅರಣ್ಯ ಇಲಾಖೆಗೆ ದೂರು ಕೊಟ್ಟರು. ವಿರೋಧ ಪಕ್ಷದವರು ರಾಜೀನಾಮೆ ಕೇಳಿದರು. ಭವ್ಯ ಬಾಗಿಲು ಹಾಕಿಕೊಂಡು ಅಪ್ಪನ ಜೊತೆ ಫೋನಿನಲ್ಲಿ ತುಂಬಾ ಹೊತ್ತು ಮಾತಾಡಿದಳು. ಮರುದಿನ ಬೆಳಿಗ್ಗೆ ವಕೀಲರೊಬ್ಬರ ಜೊತೆ ಅಡುಗೆಮನೆಗೆ ಬಂದಳು.

"ದೊಡ್ಡಮ್ಮ, ಇಲ್ಲೊಂದು ಸಹಿ ಹಾಕು."

"ಇದೇನೇ, ಬರೀ ಇಂಗ್ಲಿಷಲ್ಲಿದೆ?"

"ಎಳ್ಳುನ ಇವತ್ತು ತಗೊಂಡ್ ಹೋಗ್ತಾರೆ. ಚೆನ್ನಾಗಿ ನೋಡ್ಕೊಳ್ಳಿ, ಏನೇನು ತಿನ್ನುತ್ತೆ, ಹೇಗ್ ಮಲಗುತ್ತೆ ಅಂತೆಲ್ಲಾ ಬರ್ದಿದೀವಿ. ನೋಡ್ಕೊಳ್ತಿದ್ದೋಳು ನೀನಲ್ವಾ, ಅದಕ್ಕೆ."

ಗಂಗಲಕ್ಷ್ಮಮ್ಮ ಕೈ ಒರೆಸಿಕೊಂಡು, ಕನ್ನಡದಲ್ಲಿ, ಒಂದೊಂದೇ ಅಕ್ಷರ ಬಿಡಿಸಿ ಸಹಿ ಹಾಕಿದರು. "ಸೋಮವಾರ ಮೊಟ್ಟೆ ಬೇಡ, ಕೋಳಿ ಕೊಡ್ಬೇಕು ಅಂತ ಬರ್ದಿದ್ದೀಯಾ?" ಎಂದು ಕೇಳಿದರು. ಭವ್ಯ ಹೂಂ ಅಂದಳು.

ಅರಣ್ಯ ಇಲಾಖೆಯವರು ಪಂಜರ ತಂದರು. ಎಳ್ಳು ಯಾರ ಕೈಗೂ ಸಿಗಲಿಲ್ಲ. ಕೊನೆಗೆ ಗಂಗಲಕ್ಷ್ಮಮ್ಮನೇ ಸೆರಗು ಚಾಚಿ ಕರೆದು, ಒಳಗೆ ಬಂದು ಸುರುಳಿಯಾದದ್ದನ್ನು ಎತ್ತಿ ಪಂಜರಕ್ಕೆ ಬಿಟ್ಟರು. ಅದು ಕಂಬಿಗೆ ಮೂತಿಯೊತ್ತಿ ಇವರನ್ನೇ ನೋಡುತ್ತಿತ್ತು.

ಮಾರನೆಯ ದಿನ ಪತ್ರಿಕೆಯ ಮೂರನೆಯ ಪುಟದಲ್ಲಿ ಅವರು ತಮ್ಮ ಹೆಸರು ಓದಿದರು. ಸಚಿವರ ನಿವಾಸದ ಮನೆಗೆಲಸದ ಮಹಿಳೆ ಗಂಗಲಕ್ಷ್ಮಮ್ಮ, ಕುಟುಂಬದವರಿಗೆ ಕಾನೂನಿನ ವಿಷಯ ಮುಚ್ಚಿಟ್ಟು, ತಾನೇ ಹಿಡಿದು ತಂದ ಮುಂಗುಸಿಯನ್ನು ಸಾಕುಪ್ರಾಣಿಯೆಂದು ನಂಬಿಸಿದ್ದಳು. ತಪ್ಪೊಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದಾಳೆ. ವಿಷಯ ತಿಳಿದ ಕೂಡಲೇ ಸಚಿವರ ಪುತ್ರಿಯೇ ಪ್ರಾಣಿಯನ್ನು ಇಲಾಖೆಗೆ ಒಪ್ಪಿಸಿದ್ದಾರೆ.

ಎರಡು ಸಲ ಓದಿದರು. 'ಹಿಡಿದು ತಂದ' ಎಂಬ ಮಾತಿಗಿಂತ 'ಮನೆಗೆಲಸದ ಮಹಿಳೆ' ಎಂಬ ಕಡೆ ಕಣ್ಣು ನಿಂತುಬಿಟ್ಟಿತು. ಆ ವಾಕ್ಯ ಬರೆದವರು ಯಾರೆಂದು ಅವರಿಗೆ ಗೊತ್ತಿತ್ತು. ಈ ಮನೆಯಿಂದ ಹೊರಡುವ ಪ್ರತಿ ಪ್ರಕಟಣೆಯನ್ನೂ ಬರೆಯುವುದು ಭವ್ಯಳೇ.

ಪತ್ರಿಕೆ ಹಿಡಿದು ಅವಳ ಕೋಣೆಗೆ ಹೋದರು. "ಏನೇ ಇದು?"

ಭವ್ಯ ಲ್ಯಾಪ್‌ಟಾಪ್ ಮುಚ್ಚಿದಳು. "ಅಪ್ಪನ ಹೆಸರು ಬಂದ್ರೆ ಎಲ್ಲಾ ಹೋಗ್ತಿತ್ತು ದೊಡ್ಡಮ್ಮ. ಇಪ್ಪತ್ತು ವರ್ಷದ ಶ್ರಮ. ನಿಂಗೇನಾಗುತ್ತೆ ಹೇಳು? ನಾಲ್ಕು ದಿನ ಆದ್ಮೇಲೆ ನಿನ್ನ ಹೆಸರು ಯಾರಿಗೆ ನೆನಪಿರುತ್ತೆ?"

"ನಾನು ಮನೆಗೆಲಸದೋಳೇನೇ?"

"ಸಂಬಂಧಿ ಅಂತ ಬರ್ದಿದ್ರೆ ಅದೂ ಅಪ್ಪನ ತಲೆಗೇ ಬರ್ತಿತ್ತು. ಸುಮ್ನೆ ಒಂದು ಪದ. ನಮ್ಗೆ ನಮ್ಗೆ ಗೊತ್ತಲ್ವಾ ನೀನ್ಯಾರು ಅಂತ."

ಅವಳ ಫೋನ್ ಬಡಿದುಕೊಂಡಿತು. ಕೆಂಪರಾಜ್. ಭವ್ಯ ಅದನ್ನು ಇವರ ಕಿವಿಗಿಟ್ಟಳು.

"ಅಕ್ಕಾ, ತಪ್ಪು ತಿಳ್ಕೋಬೇಡಿ," ಎಂದರು ಸಚಿವರು. "ಟೀವಿಯೋರು ಗೇಟ್ ಹತ್ರ ಬರ್ಬಹುದು. ಸ್ವಲ್ಪ ದಿನ ದೊಮ್ಮಲೂರಿನ ಮನೇಲಿ ಇದ್ಬಿಡಿ. ನಾನೇ ಬಂದು ಕರ್ಕೊಂಡ್ ಬರ್ತೀನಿ."

ಗಂಗಲಕ್ಷ್ಮಮ್ಮ ಫೋನನ್ನು ಭವ್ಯಳ ಕೈಗೆ ಕೊಟ್ಟು ತಮ್ಮ ಕೋಣೆಗೆ ಹೋದರು. ನಾಲ್ಕು ಸೀರೆ, ತಂಗಿಯ ಫೋಟೋ ಚೀಲಕ್ಕೆ ಹಾಕಿಕೊಂಡರು. ಡ್ರೈವರ್ ಕಾರು ತೆಗೆಯಲು ಹೋದ. ಬೇಡವೆಂದು ಆಟೋ ಹತ್ತಿದರು.

ದೊಮ್ಮಲೂರಿನ ಮನೆಯ ಬೀಗ ತುಕ್ಕು ಹಿಡಿದಿತ್ತು. ಮಹಡಿಯ ಬಾಡಿಗೆದಾರರು ಸುತ್ತಿಗೆ ತಂದು ಒಡೆದುಕೊಟ್ಟರು. ಓಣಿಯವರು ಪೇಪರ್ ಓದಿದ್ದರು. ಬಾಗಿಲಿಗೆ ಬಂದವರೆಲ್ಲ ಅಯ್ಯೋ ಪಾಪ ಎಂದರು. ಒಬ್ಬಳು ಮಾತ್ರ, "ಅಲ್ಲಾ ಗಂಗಕ್ಕ, ನೀನ್ ಯಾಕ್ ಹಿಡ್ಕೊಂಡ್ ಬರೋಕ್ ಹೋದೆ?" ಎಂದು ಕೇಳಿಯೇಬಿಟ್ಟಳು. ಅವತ್ತು ಅವರು ಊಟ ಮಾಡಲಿಲ್ಲ.

ಮರುದಿನ ಆದಿಲ್‌ಗೆ ಫೋನ್ ಮಾಡಿದರು. ಅವನೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಅರಣ್ಯಾಧಿಕಾರಿಯ ಕಚೇರಿಗೆ ಕರೆದೊಯ್ದ. ಅಧಿಕಾರಿ ಮುನಿರಾಜ್ ಕಡತ ತೆರೆದು ತೋರಿಸಿದರು.

"ಇದ್ರ ಮೇಲೆ ನಿಮ್ಮ ಸಹಿ ಇದೆಯಲ್ಲಮ್ಮ."

"ಸಹಿ ನಂದೇ ಸ್ವಾಮಿ. ಮೇಲಿರೋ ಮಾತು ನಂದಲ್ಲ. ನಂಗೆ ಇಂಗ್ಲಿಷ್ ಬರಲ್ಲ."

ಹಾಳೆ ಕೇಳಿ ಪಡೆದು, ಅಲ್ಲೇ ಬೆಂಚಿನ ಮೇಲೆ ಕುಳಿತು ನಾಲ್ಕು ಪುಟ ಬರೆದರು. ಯಾರು ತಂದರು, ಯಾರು ಹಾಲು ಕುಡಿಸಿದರು, ಆದಿಲ್ ಏನು ಹೇಳಿದ, ಭವ್ಯ ಏನೆಂದಳು. ತಾನು ಸಾಕಿದ್ದು ತಪ್ಪಾದರೆ ಅದಕ್ಕೆ ಶಿಕ್ಷೆ ಕೊಡಿ ಎಂದೂ ಬರೆದರು. ಆದಿಲ್ ಸಾಕ್ಷಿಯಾಗಿ ಸಹಿ ಹಾಕಿದ. ಮುನಿರಾಜ್ ಓದಿ, ಮೊಹರು ಒತ್ತಿ, ಕಡತಕ್ಕೆ ಸೇರಿಸಿದರು.

"ಸೇರಿಸಿದ್ದೀನಮ್ಮ. ಆದ್ರೆ ಕೇಸು ಸದ್ಯಕ್ಕೆ ನಿಮ್ಮ ಹೆಸರಲ್ಲೇ ಇರುತ್ತೆ," ಎಂದರು. ಎಳ್ಳನ್ನು ನೋಡಬಹುದೇ ಎಂದು ಕೇಳಿದಾಗ, ಮನುಷ್ಯರ ಅಭ್ಯಾಸ ಬಿಡಿಸುತ್ತಿದ್ದಾರೆ, ಆಗುವುದಿಲ್ಲ ಎಂದರು.

ಹನ್ನೆರಡು ದಿನದ ಮೇಲೆ ಭವ್ಯ ದೊಮ್ಮಲೂರಿಗೆ ಬಂದಳು. ಕಾರನ್ನು ಓಣಿಯ ತುದಿಯಲ್ಲೇ ಬಿಟ್ಟು, ಮುಖಕ್ಕೆ ಮಾಸ್ಕ್ ಹಾಕಿಕೊಂಡು ನಡೆದು ಬಂದಿದ್ದಳು.

"ಬನ್ನಿ," ಎಂದರು ಗಂಗಲಕ್ಷ್ಮಮ್ಮ. "ಕೂತ್ಕೊಳ್ಳಿ."

ಭವ್ಯ ನಿಂತಲ್ಲೇ ನಿಂತಳು. "ದೊಡ್ಡಮ್ಮ, ನನ್ನ ಹಂಗೆಲ್ಲಾ ಬಹುವಚನದಲ್ಲಿ ಕರೀಬೇಡ."

"ಕಾಫಿ ಕೊಡ್ಲಾ? ಏನು ಬಂದಿದ್ದು ಹೇಳಿ."

ಅವಳ ಕಣ್ಣು ತುಂಬಿತು. ಆದರೂ ಬ್ಯಾಗಿನಿಂದ ಕಾಗದ ತೆಗೆದಳು. ಈ ಸಲ ಕನ್ನಡದಲ್ಲಿತ್ತು. ಅರಣ್ಯ ಇಲಾಖೆಗೆ ಕೊಟ್ಟ ನಾಲ್ಕು ಪುಟದ ಹೇಳಿಕೆಯನ್ನು ವಾಪಸು ಪಡೆಯುತ್ತೇನೆ, ತಪ್ಪು ಒಪ್ಪಿ ದಂಡ ಕಟ್ಟುತ್ತೇನೆ ಎಂದಿತ್ತು.

"ದಂಡ ನಾವೇ ಕಟ್ತೀವಿ. ಕೇಸ್ ಅಲ್ಲಿಗೇ ಮುಗಿಯುತ್ತೆ. ನಾಳೇನೇ ಮನೆಗ್ ಬಂದ್ಬಿಡು ದೊಡ್ಡಮ್ಮ. ನೀನಿಲ್ದೆ ಮನೆ ಮನೆ ಥರಾನೇ ಇಲ್ಲ."

ಗಂಗಲಕ್ಷ್ಮಮ್ಮ ಕಾಗದವನ್ನು ಪೂರ್ತಿ ಓದಿದರು, ಎರಡೂ ಮಗ್ಗುಲು ತಿರುಗಿಸಿ ನೋಡಿದರು. ಇಪ್ಪತ್ತೆರಡು ವರ್ಷ ತಲೆ ಬಾಚಿದ ಹುಡುಗಿ ಎದುರಿಗೆ ಅಳುತ್ತಾ ನಿಂತಿದ್ದಳು. ಕೈ ತಾನಾಗಿಯೇ ಅವಳ ತಲೆಯ ಕಡೆ ಏಳಲು ಹೊರಟಿತು. ಅದನ್ನು ಹಿಡಿದು ಮಡಿಲಲ್ಲಿಟ್ಟುಕೊಂಡರು.

"ಕೋರ್ಟಲ್ಲಿ ಕೇಳ್ದಾಗ ನಡೆದದ್ದು ಹೇಳ್ತೀನಿ," ಎಂದು ಕಾಗದ ಹಿಂತಿರುಗಿಸಿದರು. "ನೀವೂ ಬಂದು ಹೇಳ್ಬಹುದು."

ಭವ್ಯ ಕಾಗದವನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಆಮೇಲೆ ಮಾಸ್ಕ್ ಎಳೆದುಕೊಂಡು, ಓಣಿಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಇಣುಕಿ ನೋಡಿ, ಹೊರಗೆ ಹೋದಳು.